ಪ್ರವೇಶ ಪರೀಕ್ಷೆ ಅಳೆಯುವ ಓದು

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬಳಕೆಯಾಗುವ ಎಸ್‌ಎಟಿ ಪರೀಕ್ಷೆ ಮೊದಲು ನಡೆದದ್ದು 1926ರಲ್ಲಿ. ಅದನ್ನು ರೂಪಿಸಿದವರಲ್ಲಿ ಪ್ರಮುಖನು ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗ್‌ಹ್ಯಾಮ್. ಮೊದಲ ಮಹಾಯುದ್ಧದ ಸೈನಿಕರಿಗೆ ಕೊಟ್ಟಿದ್ದ ಬುದ್ಧಿಮಾಪನ ಪರೀಕ್ಷೆಗಳೇ ಅದಕ್ಕೆ ಮಾದರಿಯಾದವು. ಆ ಸೈನಿಕರ ಅಂಕಗಳನ್ನು ಆಧರಿಸಿ 1923ರಲ್ಲಿ ಜನಾಂಗಗಳ ನಡುವೆ ಬುದ್ಧಿಯ ತಾರತಮ್ಯವನ್ನು ಸ್ಥಾಪಿಸಲು ಹೊರಟಿದ್ದ ಬ್ರಿಗ್‌ಹ್ಯಾಮ್, 1930ರಲ್ಲಿ ತನ್ನ ತೀರ್ಮಾನಗಳು ನಿರಾಧಾರವೆಂದು ತಾನೇ ಒಪ್ಪಿಕೊಂಡನು. ಆದರೆ ಪರೀಕ್ಷೆ ಉಳಿಯಿತು.

ಅದರ ಹೆಸರಿನ ಚರಿತ್ರೆಯೂ ಗಮನಾರ್ಹವಾದುದು. ಹೆಸರಿನ ನಡುವಿನ ಅಕ್ಷರ ಮೊದಲು 'ಆಪ್ಟಿಟ್ಯೂಡ್' ಅಥವಾ ಸಹಜ ಸಾಮರ್ಥ್ಯವನ್ನು ಸೂಚಿಸುತ್ತಿತ್ತು. 1990ರ ದಶಕದಲ್ಲಿ ಅದು 'ಅಸೆಸ್‌ಮೆಂಟ್' ಅಂದರೆ ಮೌಲ್ಯಮಾಪನವಾಯಿತು. ಬಳಿಕ ಆ ಅಕ್ಷರಗಳಿಗೆ ವಿಸ್ತರಣೆಯೇ ಇಲ್ಲವಾಯಿತು. ತಾನು ಏನನ್ನು ಅಳೆಯುತ್ತೇನೆಂದು ಹೇಳಲು ಹೆಸರೇ ಹಿಂಜರಿದಂತಾಯಿತು.

ಪರೀಕ್ಷೆಯ ಒಡಲೂ ಬದಲಾಗಿದೆ. 2005ರಲ್ಲಿ ಪದಸಾದೃಶ್ಯದ ಪ್ರಶ್ನೆಗಳು ಹೋಗಿ ಪ್ರಬಂಧ ಬಂದಿತು. 2016ರಲ್ಲಿ ಪ್ರಬಂಧ ಐಚ್ಛಿಕವಾಯಿತು, 2021ರಲ್ಲಿ ಬಹುತೇಕ ಮರೆಯಾಯಿತು. ಹಿಂದೆ 500ರಿಂದ 750 ಪದಗಳ ಗದ್ಯಭಾಗವೊಂದನ್ನು ಓದಿ ಹತ್ತು ಹನ್ನೊಂದು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಈಗಿನ ಗಣಕ ಪರೀಕ್ಷೆಯಲ್ಲಿ ಗದ್ಯಭಾಗಗಳು 25ರಿಂದ 150 ಪದಗಳಷ್ಟೇ. ಒಂದೊಂದಕ್ಕೆ ಒಂದೇ ಪ್ರಶ್ನೆ. 64 ನಿಮಿಷಗಳಲ್ಲಿ 54 ಪ್ರಶ್ನೆಗಳು.

ಇಲ್ಲಿ ಅಳೆಯುವ ಕೌಶಲಗಳು ಹುಸಿಯಲ್ಲ. ಸಂದರ್ಭಕ್ಕೆ ತಕ್ಕ ಪದಾರ್ಥ, ವಾಕ್ಯಗಳ ತಾರ್ಕಿಕ ಸಂಬಂಧ, ಹೇಳಿಕೆಗೆ ತಕ್ಕ ಆಧಾರದ ಆಯ್ಕೆ ಇವೆಲ್ಲ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೇಕು. ಉನ್ನತ ಪಾಠಕ್ರಮಗಳ ಸೌಲಭ್ಯವಿಲ್ಲದ ಶಾಲೆಗಳ ಪ್ರತಿಭಾವಂತರನ್ನು ಗುರುತಿಸಲು ಅಂಕಗಳು ನೆರವಾಗುತ್ತವೆಂಬ ಕಾರಣ ನೀಡಿ ಎಂಐಟಿ 2022ರಲ್ಲಿ ಈ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸಿತು. ಈ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು.

ಆದರೆ ಸಾಹಿತ್ಯದ ಓದು ಬೇರೆಯೇ ಸಾಮರ್ಥ್ಯವನ್ನು ಬೇಡುತ್ತದೆ. ಒಂದೇ ಸರಿಯುತ್ತರವಿರಬೇಕಾದ ಪ್ರಶ್ನೆಯಿಂದ ಸಂದಿಗ್ಧತೆಯನ್ನು ಮೊದಲೇ ತೆಗೆದುಹಾಕಲೇಬೇಕು. ಸಾಹಿತ್ಯ ವಿಮರ್ಶೆ ಆರಂಭವಾಗುವುದೇ ಆ ಸಂದಿಗ್ಧತೆಯಿಂದ. ಮುನ್ನೂರು ಪುಟಗಳ ಬಳಿಕ ತನ್ನ ಮೊದಲ ಅಭಿಪ್ರಾಯವನ್ನು ತಿದ್ದಿಕೊಳ್ಳುವ ಓದುಗನ ತಾಳ್ಮೆಯನ್ನು ನೂರು ಪದಗಳಲ್ಲಿ ಅಳೆಯುವುದು ಹೇಗೆ? ಪ್ರಬಂಧವೂ ಹೋದಮೇಲೆ ಉಳಿದದ್ದು ಇತರರ ವಾಕ್ಯವನ್ನು ತಿದ್ದುವ ಕೆಲಸ. ಸ್ವಂತ ವಾಕ್ಯ ಕಟ್ಟುವ ಕೆಲಸವಲ್ಲ.

ಈ ಪ್ರಶ್ನೆ ಭಾರತಕ್ಕೂ ಹೊರತಲ್ಲ. 2022ರಲ್ಲಿ ಆರಂಭವಾದ ಸಿಯುಇಟಿ ಪ್ರವೇಶ ಪರೀಕ್ಷೆಯ 13 ಭಾಷೆಗಳಲ್ಲಿ ಕನ್ನಡವೂ ಒಂದು; ಅಲ್ಲಿಯೂ ಉತ್ತರವನ್ನು ಆರಿಸಬೇಕೇ ಹೊರತು ಬರೆಯಬೇಕಾಗಿಲ್ಲ. ಪಂಪನ 'ವಿಕ್ರಮಾರ್ಜುನ ವಿಜಯ'ವನ್ನೇ ನೆನೆಯಬಹುದು. ಅಲ್ಲಿ ಅರಿಕೇಸರಿಯೊಡನೆ ಒಂದಾಗಿಸಿದ ಅರ್ಜುನನೇ ಕಥಾನಾಯಕ; ಆದರೂ ಕರ್ಣನ ಅವಸಾನದಲ್ಲಿ ಕವಿಯ ಹೃದಯ ಕರ್ಣನ ಕಡೆಗೆ ವಾಲುತ್ತದೆ. ಯಾವುದೋ ಒಂದು ಪದ್ಯದ ಅರ್ಥ ತಿಳಿದವನಿಗೆ ಈ ಸೆಳೆತ ಕಾಣದು. ಕಾವ್ಯವನ್ನು ಇಡಿಯಾಗಿ ಓದಿದವನಿಗಷ್ಟೇ ಕಾಣುತ್ತದೆ.

ಆದ್ದರಿಂದ ಇಂಥ ಅಂಕಗಳನ್ನು ಪ್ರವೇಶದ ಹೊಸ್ತಿಲೆಂದು ಭಾವಿಸುವುದು ಉಚಿತ. ಯೋಗ್ಯತೆಯ ಕೊನೆಯ ಮಾತೆಂದಲ್ಲ. ಸಾಹಿತ್ಯ ವಿಭಾಗಗಳು ಅಭ್ಯರ್ಥಿ ಸ್ವತಃ ಬರೆದ ನಾಲ್ಕು ಪುಟಗಳನ್ನಾದರೂ ಓದಿ ನಿರ್ಧರಿಸಬೇಕು. ಅದಕ್ಕೆ ಸಮಯ ತಗಲುತ್ತದೆ, ನಿಜ, ಓದಿಗೂ ತಗಲುತ್ತದೆ.