ಸಾಕೆಂಬ ಸಿರಿ



ಕಳೆದ ಬೇಸಗೆಯಲ್ಲಿ ಶಿರಸಿ ಸೀಮೆಯ ದಾಸನಕೊಪ್ಪಕ್ಕೆ ಒಂದು ಗೃಹಪ್ರವೇಶದ ನಿಮಿತ್ತ ಹೋಗಿದ್ದೆವು. ಊರ ಬಾಗಿಲಲ್ಲಿ ಕಮಾನು, ಬ್ಯಾಂಡು, ನಮ್ಮ ಭಾವಚಿತ್ರದ ಆಳೆತ್ತರದ ಫಲಕ. ಮನೆಯೊಳಗೆ ಕಾಲಿಟ್ಟರೆ ಕನ್ನಡಿಯಂಥ ನೆಲ, ಚಾವಣಿಯ ತುಂಬ ಬಣ್ಣದ ದೀಪ, ಯಾರೂ ತೆರೆಯದ ಗಾಜಿನ ಕಪಾಟು. ಪಾದಪೂಜೆ ಮುಗಿದ ಮೇಲೆ ಮನೆಯ ಹಿರಿಯ ತಾಯಿ ಬಳಿಗೆ ಬಂದು ಮೆಲ್ಲನೆ ನುಡಿದರು: “ಅಜ್ಜಾರ, ಮನಿ ಭಾಳ ಚಲೋ ಆಗೇತ್ರಿ. ಆದ್ರ ನನಗ ಕಾಲು ಚಾಚಿ ಕೂಡಾಕ ಒಂದು ಜಾಗ ಕಾಣವಲ್ದು.” ಆ ವೈಭವಕ್ಕಾಗಿ ಎರಡು ಎಕರೆ ಗದ್ದೆ ಅನ್ಯರ ಪಾಲಾಯಿತೆಂಬುದು ಆಮೇಲೆ ತಿಳಿಯಿತು. ಅಂದು ನಮ್ಮ ಹೆಗಲಿಗೆ ಬಿದ್ದ ಶಾಲುಗಳು 31. ಹೊದೆಯುವ ಮೈ ಒಂದೇ.

ಆದುದರಿಂದ ಈ ಲೇಖನವು ಭಕ್ತರ ವಿಷಯದಲ್ಲಿ ಎಷ್ಟು ನಿಷ್ಠುರವೋ ಮಠಗಳ ವಿಷಯದಲ್ಲಿಯೂ ಅಷ್ಟೇ ನಿಷ್ಠುರ. ಗುರುವು ಬೇಡವೆನ್ನದ ಆಡಂಬರವನ್ನು ಶಿಷ್ಯನು ಧರ್ಮವೆಂದೇ ತಿಳಿಯುತ್ತಾನೆ. ಅಂದು ನಾವು ಬೇಡವೆನ್ನಲಿಲ್ಲ. ಅದು ನಮ್ಮ ತಪ್ಪು.

ನಗರಗಳಲ್ಲಿ ಈಗ ‘ಮಿನಿಮಲಿಸಂ’ ಎಂಬ ಮಾತು ಬಳಕೆಗೆ ಬಂದಿದೆ. 1960ರ ದಶಕದಲ್ಲಿ ಅಮೆರಿಕದ ಚಿತ್ರಕಾರರಲ್ಲಿ, ಶಿಲ್ಪಿಗಳಲ್ಲಿ ಬೆಳೆದ ಈ ಪಂಥವು ಇಂದು ಉಡುಪಿಗೂ ಮನೆಯ ಅಲಂಕಾರಕ್ಕೂ ವ್ಯಾಪಿಸಿದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಮೆಚ್ಚಿಕೊಂಡಿದ್ದಾರೆ. ಸಂತೋಷ. ಆದರೆ ಇದ್ದುದನ್ನೆಲ್ಲ ಹೊರಗೆಸೆದು, ಹೆಚ್ಚಿನ ಬೆಲೆ ತೆತ್ತು ‘ಸರಳ’ವಾದ ಸಾಮಾನು ತರುವುದು ಸರಳತೆಯಲ್ಲ. ಅದು ವೇಷ ಬದಲಿಸಿದ ಆಡಂಬರ.

ಶರಣರ ದಾರಿ ಬೇರೆ. ಕಲ್ಯಾಣದಲ್ಲಿ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಮ್ಮೆ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ನಿಮಗೆಲ್ಲ ತಿಳಿದ ಕಥೆ. ಗಮನಿಸಿರಿ: ಅವಳು ಮನೆಯನ್ನು ಅಚ್ಚುಕಟ್ಟಾಗಿಸಲು ಹಾಗೆ ಹೇಳಲಿಲ್ಲ. ನಮ್ಮ ಅಗತ್ಯವನ್ನು ಮೀರಿದ್ದು ಇನ್ನೊಬ್ಬರ ಪಾಲು ಎಂಬ ಅರಿವಿನಿಂದ ಹೇಳಿದಳು. ತಂದ ಮೇಲೆ ಎಸೆಯುವುದು ಇಂದಿನ ಮಿತ. ತರುವ ಮೊದಲೇ ಸಾಕೆನ್ನುವುದು ಶರಣರ ಮಿತ. ದಾಸೋಹವಿಲ್ಲದ ಮಿತವಾದರೋ ಬರಿಯ ಜಿಪುಣತನ.

ಇದಕ್ಕೆ ಎದುರಾಗುವ ಮೂರು ಆಕ್ಷೇಪಗಳಿವೆ.

“ಉಳ್ಳವರು ಖರ್ಚು ಮಾಡಿದರೆ ಬಡವರಿಗೆ ಕೆಲಸ ಸಿಗುವುದಿಲ್ಲವೇ?” ಸಿಗುತ್ತದೆ. ಆದರೆ ಕೆರೆಯ ಹೂಳೆತ್ತಿದರೂ ಕೆಲಸ ಸಿಗುತ್ತದೆ, ಶಾಲೆಯ ಮಾಡು ಹೊದಿಸಿದರೂ ಸಿಗುತ್ತದೆ. ಬ್ಯಾಂಡಿನ ಸದ್ದು ಸಂಜೆಗೇ ಅಡಗುತ್ತದೆ. ಕೆರೆಯ ನೀರು ಊರಿಗೆ ಉಳಿಯುತ್ತದೆ.

“ದೇವರಿಗೆ ಮಾಡುವಲ್ಲಿ ಮಿತವೇಕೆ?” ಗುಡಿಯ ದೇವರನ್ನು ಅಂಗೈಯಗಲದ ಇಷ್ಟಲಿಂಗವಾಗಿ ಪ್ರತಿಯೊಬ್ಬನ ಎದೆಗೆ ತಂದ ಧರ್ಮದವರು ಕೇಳಬೇಕಾದ ಪ್ರಶ್ನೆಯೇ ಇದು? ಕರಡಿಗೆ ಬಂಗಾರದ್ದಾದ ಮಾತ್ರಕ್ಕೆ ಲಿಂಗಕ್ಕೆ ಕಳೆ ಹೆಚ್ಚುವುದಿಲ್ಲ. ಪೂಜೆಗೆ ಬೇಕಾದುದು ವಿಭೂತಿ, ಪತ್ರೆ, ಒಂದಿಷ್ಟು ನೀರು, ನಿಂತ ಮನಸ್ಸು.

“ಮಿತವೆಂದರೆ ಕಲೆಗೂ ಚೆಲುವಿಗೂ ವಿರೋಧವಲ್ಲವೇ?” ಇದು ನಮ್ಮ ಸೀಮೆಯನ್ನು ಕಣ್ತೆರೆದು ನೋಡದವರ ಮಾತು. ಶಿರಸಿ, ಸಿದ್ದಾಪುರ, ಸಾಗರಗಳ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿರಿ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಯ ಹಿಟ್ಟು, ಕಪ್ಪಿಗೆ ಹುರಿದು ಕರಿಯಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಇಷ್ಟರಲ್ಲಿಯೇ ಮದುವೆಮನೆಯ ಗೋಡೆ ಬೆಳಗುತ್ತದೆ. ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಯ ಕಾವಿ ಚಿತ್ರಗಳಿಗೆ ಸುಣ್ಣದ ಬಿಳುಪು ಮತ್ತು ಕಾವಿಯ ಕೆಂಪು, ಇವೆರಡೇ ಸಾಕಾದವು. ವಚನಗಳೂ ಅಷ್ಟೇ: ಛಂದಸ್ಸಿನ ಕಟ್ಟನ್ನು ಬಿಟ್ಟು, ಆಡುಮಾತನ್ನು ಹಿಡಿದು, ಹೇಳಬೇಕಾದಷ್ಟನ್ನೇ ಹೇಳಿದ್ದರಿಂದ ಎಂಟು ಶತಮಾನ ದಾಟಿ ಬಂದವು.

ಕಾಡಿನ ಮಗ್ಗುಲಲ್ಲಿ ಬಾಳುವವರಿಗೆ ಇದು ಇನ್ನೂ ಹತ್ತಿರದ ಮಾತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಜನ ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಉಳಿಸು, ಬೆಳೆಸು, ಬಳಸು ಎಂಬುದು ಆ ಅಪ್ಪಿಕೋ ಚಳವಳಿಯ ಸೂತ್ರ. ಬಳಸುವುದು ಮೂರನೆಯದು. ನಾವು ಅದನ್ನೇ ಮೊದಲನೆಯದು ಮಾಡಿಕೊಂಡಿದ್ದೇವೆ.

ಇಂಥ ಬಾಳು ಈ ಕಾಲದಲ್ಲಿ ಸಾಧ್ಯವೇ ಎನ್ನುವಿರಾದರೆ, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ನೆನೆಯಿರಿ. ಅವರ ಬಿಳಿಯ ಅಂಗಿಗೆ ಕಿಸೆಯಿರಲಿಲ್ಲ. 2018ರಲ್ಲಿ ಪದ್ಮಶ್ರೀ ಅರಸಿ ಬಂದಾಗ ವಿನಯದಿಂದ ಒಲ್ಲೆನೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ, ಅವರ ಇಚ್ಛಾಪತ್ರದಂತೆ ದೇಹವನ್ನು ಅಗ್ನಿಗೆ ಅರ್ಪಿಸಲಾಯಿತು. ಸ್ಮಾರಕ ಬೇಡವೆಂದು ಅವರೇ ಬರೆದಿಟ್ಟಿದ್ದರು. ಅವರ ದರ್ಶನಕ್ಕೆ ಲಕ್ಷಗಟ್ಟಲೆ ಜನ ನೆರೆದರು. ಆ ಜನವನ್ನು ಕರೆದದ್ದು ಯಾವ ಫಲಕ?

ಬೋಧನೆ ನಮ್ಮಿಂದಲೇ ಮೊದಲಾಗಲಿ. ಇನ್ನು ಮುಂದೆ ಶಾಲು, ಹಾರ, ಫಲಕ, ಮೆರವಣಿಗೆಗಳಿರುವಲ್ಲಿಗೆ ನಾವು ಬರುವುದಿಲ್ಲ. ಕಾಣಿಕೆ ಕೊಡಲೇಬೇಕೆನ್ನುವವರು ಪ್ರಸಾದನಿಲಯದ ಮಕ್ಕಳಿಗೆ ಒಂದು ಹಿಡಿ ಅಕ್ಕಿ ತನ್ನಿರಿ. ಸಾಲ ಮಾಡಿ ಮದುವೆ ಮಾಡುವವರ ಮನೆಗೆ ಬಂದು ಆಶೀರ್ವದಿಸಲಾರೆವು; ಮಠದ ಅಂಗಳದಲ್ಲಿ ಸರಳವಾಗಿ ಕೈಹಿಡಿಯುವ ವಧೂವರರಿಗೆ ನಾವೇ ಎದುರುಗೊಂಡು ಹರಸುತ್ತೇವೆ. ಇದರಿಂದ ಕೆಲವರು ಮುನಿಯಬಹುದು. ಮುನಿದವರು ಮರಳಿ ಬರುವವರೆಗೆ ಕಾಯುತ್ತೇವೆ.

ಭಕ್ತರೇ, ಈ ಸಂಚಿಕೆಯನ್ನು ಮಡಿಸಿಟ್ಟು ನಿಮ್ಮ ಮನೆಯನ್ನೊಮ್ಮೆ ನೋಡಿರಿ. ಅಲ್ಲಿ ಹಿರಿಯ ತಾಯಿಗೆ ಕಾಲು ಚಾಚಿ ಕೂಡಲು ಜಾಗವಿದೆಯೇ? ಇದ್ದರೆ ಅದೇ ಕೈಲಾಸ. ಇಲ್ಲವಾದರೆ, ಮೊದಲು ಆ ಜಾಗವನ್ನು ಬಿಡಿಸಿರಿ.