ಬದುಕಿದ್ದಾಗಲೇ ಸಮಾಧಿ ಕಂಡ ಗಾಯಕಿ!

ಚಾಪ್ಲಿನ್‌ನ ಕರಿ ಟೋಪಿ, ತುಂಡು ಮೀಸೆ ನಿಮಗೆಲ್ಲ ಗೊತ್ತು. ಅದೇ ಟೋಪಿಯ ಕುಡುಕನೊಬ್ಬ ಬ್ರೆಜಿಲ್ ದೇಶದ ಒಂದು ಹಾಡಿನೊಳಗೆ ತೂರಾಡುತ್ತ ಬಂದು, ಮಿಲಿಟರಿ ಆಳ್ವಿಕೆಯ ಕಾಲದಲ್ಲಿ ಇಡೀ ದೇಶದ ಬಾಯಲ್ಲಿ ಕೂತುಬಿಟ್ಟ ಕಥೆ ಗೊತ್ತೇ? ಆ ಹಾಡು ಹಾಡಿದವಳು ಎಲಿಸ್ ರೆಜಿನಾ.

ಹುಟ್ಟಿದ್ದು 1945ರಲ್ಲಿ, ದಕ್ಷಿಣದ ಪೋರ್ಟೊ ಅಲೆಗ್ರೆ ಊರಿನಲ್ಲಿ. ಆಳು ಬರೀ ಐದಡಿ. ಕವಿ ವಿನಿಸಿಯಸ್ ಡಿ ಮೊರೇಸ್ ಇಟ್ಟ ಅಡ್ಡಹೆಸರು 'ಪುಟ್ಟ ಮೆಣಸಿನಕಾಯಿ'. ಖಾರ ಅಂದ್ರೆ ಅಂಥ ಖಾರ! 1965ರ ಟಿವಿ ಹಾಡಿನ ಸ್ಪರ್ಧೆಯಲ್ಲಿ ಎರಡೂ ತೋಳನ್ನು ಫ್ಯಾನಿನ ರೆಕ್ಕೆ ಹಾಗೆ ಬೀಸುತ್ತ ಹಾಡಿ ಮೊದಲ ಬಹುಮಾನ ಹೊಡೆದಳು. ಅಲ್ಲಿಂದ ಮುಂದೆ ಆಕೆಯೇ ರಾಣಿ.

ಅಷ್ಟರಲ್ಲಿ, 1964ರಲ್ಲೇ, ಸೈನ್ಯ ಅಧಿಕಾರ ಕಿತ್ತುಕೊಂಡಿತ್ತು. ಹಾಡುಗಳಿಗೆ ಸೆನ್ಸಾರ್ ಕತ್ತರಿ, ಎದುರು ಮಾತಾಡಿದವರಿಗೆ ಜೈಲು. ನಮ್ಮ ಮೆಣಸಿನಕಾಯಿ ಸುಮ್ಮನಿರಬೇಕಲ್ಲ? 1969ರಲ್ಲಿ ಯುರೋಪಿಗೆ ಹೋದಾಗ, ನಮ್ಮ ದೇಶವನ್ನು ಆಳುತ್ತಿರುವುದು ಗೊರಿಲ್ಲಾಗಳು ಎಂದು ಪತ್ರಿಕೆಯವರ ಮುಂದೆ ಅಂದುಬಿಟ್ಟಳು!

ಮೂರು ವರ್ಷ ಕಳೆಯಿತು. 1972ರಲ್ಲಿ ಅದೇ ಸೈನ್ಯದ ಕ್ರೀಡಾಕೂಟದಲ್ಲಿ ಅದೇ ಎಲಿಸ್ ಹಾಡಿದಳು. ಅಭಿಮಾನಿಗಳಿಗೆ ಸಿಡಿಲು ಬಡಿದ ಹಾಗಾಯಿತು. ಹೆನ್‌ಫಿಲ್ ಎಂಬ ವ್ಯಂಗ್ಯಚಿತ್ರಕಾರ ಒಂದು ವಾರಪತ್ರಿಕೆಯಲ್ಲಿ ಬದುಕಿರುವವರಿಗೇ ಸ್ಮಶಾನ ತೆರೆದಿದ್ದ. ಸರ್ಕಾರಕ್ಕೆ ತಲೆಬಾಗಿದವರನ್ನೆಲ್ಲ ಅಲ್ಲಿ ಹೂಳುತ್ತಿದ್ದ. ಎಲಿಸ್‌ಗೂ ಅಲ್ಲೇ ಗುಂಡಿ ತೋಡಿದ. ಮರುವರ್ಷ ಸಾವೊ ಪಾಲೊ ನಗರದ ದೊಡ್ಡ ಸಂಗೀತ ಮೇಳದಲ್ಲಿ ಸಭಿಕರು ಆಕೆಯನ್ನು ಗೇಲಿ ಮಾಡಿದರು.

ಬೆದರಿಕೆಗೆ ಹೆದರಿ ಹಾಡಿದೆ ಎಂದು ಆಕೆಯೇ ಆಮೇಲೆ ಹೇಳಿಕೊಂಡಳು. ಆಗ ಮನೆಯಲ್ಲಿ ಎರಡು ವರ್ಷದ ಮಗು. ಆ ಜಾಗದಲ್ಲಿ ನಾನಿದ್ದಿದ್ದರೆ? ಸ್ವಾಮಿ, ಬೂಟಿನ ಸದ್ದು ಕೇಳಿದ ಕೂಡಲೇ ಎರಡು ಹಾಡು ಜಾಸ್ತಿಯೇ ಹಾಡಿ ಬರುತ್ತಿದ್ದೆ!

ಈಗ ಚಾಪ್ಲಿನ್ ಬರುತ್ತಾನೆ. 1977ರ ಕ್ರಿಸ್ಮಸ್ ದಿನ ಆತ ತೀರಿಕೊಂಡ. ಆತನ ನೆನಪಿಗೆಂದು ಜೊವಾವ್ ಬೊಸ್ಕೊ ಒಂದು ರಾಗ ಕಟ್ಟಿದ. ಸಾಹಿತ್ಯ ಆಲ್ದಿರ್ ಬ್ಲಾಂಕ್‌ನದು. ಹಾಡಿನ ಹೆಸರು 'ಕುಡುಕ ಮತ್ತು ಹಗ್ಗದ ಮೇಲೆ ನಡೆಯುವವಳು'. ಹಗ್ಗದ ಮೇಲಿರುವವಳು ಬೇರೆ ಯಾರೂ ಅಲ್ಲ, ಆಸೆ, ಭರವಸೆ. ಬಿದ್ದರೂ ಬಿದ್ದಾಳು, ಆದರೂ ನಡೆಯುತ್ತಾಳೆ. ಪಿಯುಸಿಗೇ ಕೈಮುಗಿದ ನನಗೆ ಪೋರ್ಚುಗೀಸ್ ಎಲ್ಲಿಂದ ಬರಬೇಕು? ಆದರೂ ರಾತ್ರಿ ಕೇಳುತ್ತ ಕೂತರೆ, 'ಮಾಡರ್ನ್ ಟೈಮ್ಸ್' ಚಿತ್ರಕ್ಕೆ ಚಾಪ್ಲಿನ್ ತಾನೇ ಕಟ್ಟಿದ ರಾಗದ ನೆರಳು ಅದರಲ್ಲಿ ಹಾದುಹೋಗುತ್ತದೆ. ಕೇಳಿ ನೋಡಿ.

ಹಾಡಿನಲ್ಲಿ ಇಬ್ಬರು ನಿಜವಾದ ಮನುಷ್ಯರಿದ್ದಾರೆ. ಒಬ್ಬಳು ಕ್ಲಾರಿಸ್. ಆಕೆಯ ಗಂಡ, ಪತ್ರಕರ್ತ ವ್ಲಾದಿಮಿರ್ ಹೆರ್ಜೋಗ್, 1975ರಲ್ಲಿ ಸೈನ್ಯದ ವಶದಲ್ಲಿದ್ದಾಗಲೇ ಸತ್ತ. ನೇಣು ಹಾಕಿಕೊಂಡ ಎಂದು ಸೈನ್ಯದವರು ಕಥೆ ಕಟ್ಟಿದರು. ಕೊಂದದ್ದು ಅವರೇ. ಇನ್ನೊಬ್ಬ, ದೇಶ ಬಿಟ್ಟು ಓಡಬೇಕಾದ ಬೆಟಿನ್ಯೊ. ಈತ ಯಾರು ಅಂತೀರಿ? ಎಲಿಸ್‌ಗೆ ಗುಂಡಿ ತೋಡಿದ ಆ ಹೆನ್‌ಫಿಲ್‌ನ ಒಡಹುಟ್ಟಿದ ಅಣ್ಣ!

1979ರಲ್ಲಿ ಎಲಿಸ್ ಈ ಹಾಡು ರೆಕಾರ್ಡ್ ಮಾಡಿದಳು. ತನ್ನನ್ನು ಹೂಳಿದವನ ಅಣ್ಣ ಮನೆಗೆ ಬರಲಿ ಎಂದು, ಅಷ್ಟು ಮೆಲ್ಲಗೆ, ಕಿವಿಯಲ್ಲಿ ಹೇಳಿದ ಹಾಗೆ ಶುರುಮಾಡಿ ಹಾಡುತ್ತಾಳೆ. ಒಂದು ಚೂರು ಸೇಡಿಲ್ಲ. ದೇಶಭ್ರಷ್ಟರಿಗೆ ಕ್ಷಮಾದಾನ ಕೊಡಿ ಎಂದು ಬೀದಿಗಿಳಿದವರಿಗೆ ಅದೇ ನಾಡಗೀತೆಯಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ಷಮಾದಾನದ ಕಾಯಿದೆ ಬಂತು. ಬೆಟಿನ್ಯೊ ಊರಿಗೆ ಮರಳಿದ. ತಾನು ಹೂಳಿದವರ ಪೈಕಿ ಎಲಿಸ್ ವಿಷಯದಲ್ಲಿ ತಪ್ಪು ಮಾಡಿದೆ ಎಂದು ಹೆನ್‌ಫಿಲ್ ಒಪ್ಪಿಕೊಂಡ.

ಆದರೆ ಆಕೆಗೆ ಆಯಸ್ಸು ಕಡಿಮೆ. 1982ರ ಜನವರಿ 19ರಂದು ಸಾವೊ ಪಾಲೊದಲ್ಲಿ ಹೋಗಿಬಿಟ್ಟಳು. ವಯಸ್ಸು ಮೂವತ್ತಾರು. ಮದ್ಯದ ಜೊತೆ ಕೊಕೇನ್ ಸೇರಿತ್ತು. 1980ರ ಪ್ರದರ್ಶನವೊಂದಕ್ಕೆ ಆಕೆ ಒಂದು ಅಂಗಿ ಮಾಡಿಸಿದ್ದಳು. ಅದರ ಮೇಲೆ ದೇಶದ ಬಾವುಟ, ಬಾವುಟದ ನಡುವಿನ ಘೋಷಣೆಯ ಜಾಗದಲ್ಲಿ ತನ್ನದೇ ಹೆಸರು. ವೇದಿಕೆಯಲ್ಲಿ ತೊಡಕೂಡದು ಎಂದು ತಡೆದಿದ್ದರು. ಸಾವಿರಾರು ಜನ ಕೊನೆಯ ದರ್ಶನಕ್ಕೆ ಥಿಯೇಟರಿಗೆ ಬಂದಾಗ ಆಕೆಯ ಮೈಮೇಲೆ ಇದ್ದದ್ದು ಆ ಅಂಗಿಯೇ.