ಕುಂಡ ನೋಡಿ ಗಿಡ ತರಬೇಡಿ

ಊರಲ್ಲಿ ಅಪ್ಪ ಅಡಿಕೆ ಸಸಿ ನೆಡುವಾಗ ಹಗ್ಗ ಹಿಡಿದು 9 ಅಡಿ ಅಳೆಯುತ್ತಿದ್ದರು. ಮೊಳದುದ್ದದ ಸಸಿಗೆ ಇಷ್ಟು ಜಾಗ ಯಾಕೆ ಅಂತ ನಗುತ್ತಿದ್ದೆ. ಅದೇ ನಾನು ಸಿಯಾಟಲ್‌ನ ಮನೆಮುಂದಿನ ದಾರಿಯಂಚಿಗೆ ಆರು ಲ್ಯಾವೆಂಡರ್ ತಂದು ಅಡಿಗೊಂದರಂತೆ ನೆಟ್ಟೆ. ತಳಿ 'ಗ್ರೋಸೊ'. ಬೆಳೆದರೆ ಮೂರಡಿ ಹರಡುವ ಗಿಡ. ಚೀಟಿಯಲ್ಲೇ ಬರೆದಿತ್ತು, ಓದಲಿಲ್ಲ.

ಮೂರನೇ ವರ್ಷ ದಾರಿ ಮುಚ್ಚಿತು. ಬುಡದ ಕಟ್ಟಿಗೆವರೆಗೂ ಕತ್ತರಿಸಿದೆ. ದಾಸವಾಳ ಹಾಗೆ ಕಡಿದರೂ ಚಿಗುರುತ್ತೆ. ಲ್ಯಾವೆಂಡರ್ ಎಲೆಯಿಲ್ಲದ ಹಳೇ ಕಾಂಡದಿಂದ ಚಿಗುರೋದು ಅಪರೂಪ. ನಾಲ್ಕು ಸತ್ತವು.

ನರ್ಸರಿಯಲ್ಲಿ ಎಲ್ಲಾ ತಳಿಯೂ ಒಂದೇ ಅಳತೆಯ ಕುಂಡದಲ್ಲಿರುತ್ತೆ, ನಿಜ. ಆದರೆ ಇವತ್ತೇ ತುಂಬಿದ ಹಾಗೆ ಕಾಣಬೇಕು ಅನ್ನೋ ಆತುರ ನಮ್ಮದು. ಆಫೀಸಲ್ಲಿ ಮೂರು ವರ್ಷದ ಲೋಡ್ ಲೆಕ್ಕ ಹಾಕಿ ಸರ್ವರ್ ತಗೊಳ್ಳೋರು ನಾವೇ!

"ವರ್ಷಾ ವರ್ಷಾ ಕತ್ತರಿಸಿದ್ರಾಯ್ತು ಬಿಡೋ" ಅಂತಾರೆ ಗೆಳೆಯರು. ಹೂ ಮುಗಿದ ಮೇಲೆ ಹಸಿರು ಭಾಗ ಕತ್ತರಿಸಲೇಬೇಕು, ಗಿಡ ದುಂಡಗಿರುತ್ತೆ. ಹಾಗಂತ ಗ್ರೋಸೊ ಹಿಡ್‌ಕೋಟ್ ಆಗಲ್ಲ ಕಣ್ರಪ್ಪಾ. ದಾರಿಯಂಚಿಗೆ ಒಂದೂವರೆ-ಎರಡು ಅಡಿಗೆ ನಿಲ್ಲುವ ಹಿಡ್‌ಕೋಟೋ ಮನ್‌ಸ್ಟೆಡ್ಡೋ ತನ್ನಿ. ಗ್ರೋಸೊನೇ ಬೇಕಾ? ಮೂರಡಿ ಬಿಡಿ. ಎರಡು ವರ್ಷ ನಡುವೆ ಬರೀ ಮಣ್ಣು ಕಾಣುತ್ತೆ, ಕಾಣಲಿ.

ಈ ಸಲ ನಾನು ಟೇಪು ಹಿಡಿದು ಅಳೆಯೋದನ್ನ ವಿಡಿಯೊ ಕಾಲಲ್ಲಿ ನೋಡಿ ಅಪ್ಪ ನಕ್ಕರು.